ಬಾಗಿಲ ಹಿಂದಿನ ಮುಖ

ನಿಮ್ಮ ಮನೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ, ಮದುವೆಯ ಆಲ್ಬಮ್ ಒಂದು ಇದ್ದೇ ಇರುತ್ತದೆ. ನೆಂಟರು ಬಂದಾಗ ಅದು ಹೊರಗೆ ಬರುತ್ತದೆ. ಪುಟ ಮಗುಚುವಾಗ ಎಲ್ಲರೂ ಮೊದಲು ಹುಡುಕುವುದು ಮದುಮಕ್ಕಳನ್ನಲ್ಲ, ತಮ್ಮನ್ನೇ. ಆಮೇಲೆ ಈಗ ನಮ್ಮೊಡನಿಲ್ಲದವರನ್ನು. ಇದನ್ನು ನಾನು ನೂರಾರು ಮನೆಗಳಲ್ಲಿ ನೋಡಿದ್ದೇನೆ. ಏಕೆಂದರೆ ಅಂಥ ಆಲ್ಬಮ್‌ಗಳನ್ನು ಮಾಡಿಕೊಡುವುದೇ ನನ್ನ ಕಸುಬು. ಆದರೆ ಇಂದು ನಾನು ನಿಮ್ಮೊಡನೆ ಹಂಚಿಕೊಳ್ಳಬಯಸುವುದು ಆಲ್ಬಮ್‌ನಲ್ಲಿ ಇಲ್ಲದವರ ವಿಚಾರವನ್ನು.

ನನ್ನ ಊರು ಕೆಂಕೆರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಹುಳಿಯಾರಿನ ಬಳಿಯಿರುವ ಊರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ಸೀಮೆಯನ್ನು ನೀವು ರೈಲಿನಲ್ಲೋ ಬಸ್ಸಿನಲ್ಲೋ ಹಾದುಹೋಗಿದ್ದರೆ ನಿಮಗೆ ನೆನಪಿರುವುದು ತೆಂಗಿನ ತೋಟಗಳೇ ಇರಬೇಕು. ಇಲ್ಲಿನ ಮದುವೆಗಳ ಲೆಕ್ಕಾಚಾರವೂ ತೆಂಗಿನದೇ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ, ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಗಡಗಡ ಸದ್ದಾಗುತ್ತದೆ. ಆಗ ಅದು ಗಿಟುಕಾಯಿತೆಂದು ಅರ್ಥ. ಒಡೆದು ತೆಗೆದ ಉಂಡೆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಲಾರಿ ಏರಿ ಉತ್ತರ ಭಾರತದ ಹಬ್ಬಗಳಿಗೂ ಮದುವೆಗಳಿಗೂ ತಲಪುತ್ತದೆ. ನಾವು ಕಂಡರಿಯದ ಊರುಗಳ ವಧುವಿನ ಮಡಿಲಿಗೆ ನಮ್ಮ ಅಟ್ಟದ ಕೊಬ್ಬರಿ ಬೀಳುತ್ತದೆ. ಇತ್ತ ಕೊಬ್ಬರಿಗೆ ಒಳ್ಳೆಯ ಬೆಲೆ ಬಂದ ವರ್ಷ ನಮ್ಮ ಸೀಮೆಯಲ್ಲಿ ಮದುವೆಗಳು ಹೆಚ್ಚು. ಬೆಲೆ ಬಿದ್ದ ವರ್ಷ ಹೆಣ್ಣುಮಕ್ಕಳು ಇನ್ನೊಂದು ವರ್ಷ ಕಾಯುತ್ತಾರೆ, ಅವರೊಡನೆ ಛಾಯಾಗ್ರಾಹಕನೂ ಕಾಯುತ್ತಾನೆ.

ನಾನು ಈ ಕಸುಬಿಗೆ ಬಂದದ್ದು 1984ರಲ್ಲಿ. ನನ್ನ ಗುರುಗಳು ಸಣ್ಣದೊಂದು ಸ್ಟುಡಿಯೋ ನಡೆಸುತ್ತಿದ್ದ ಸಾಬರು. ಮೆಟ್ಟಿಲು, ಹೂಕುಂಡ, ದೂರದಲ್ಲೊಂದು ಸರೋವರ ಬರೆದ ಪರದೆ. ಬಾಚಣಿಗೆ, ಪೌಡರು ಡಬ್ಬಿ, ಪುಟ್ಟ ಕನ್ನಡಿ. ಒಳಗೆ ಹೈಪೋ ವಾಸನೆಯ ಕತ್ತಲೆ ಕೋಣೆ. ಹೆಣ್ಣು ತೋರಿಸುವ ಮೊದಲು ಗಂಡಿನ ಮನೆಗೆ ಕಳಿಸಬೇಕಾದ ಫೋಟೋಗಳೇ ಆ ಸ್ಟುಡಿಯೋವಿನ ಮುಖ್ಯ ಆದಾಯ. ಅವರು ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನಿಂದ ಮೊಡವೆಯ ಕಲೆಗಳನ್ನು ಅಳಿಸುತ್ತಿದ್ದರು. ಆದರೆ ಮುಖದ ಆಕಾರ ತಿದ್ದುವುದಿಲ್ಲವೆಂಬ ನೇಮ ಅವರಿಗಿತ್ತು. ‘ಮಚ್ಚೆ ಇದ್ರೆ ಮಚ್ಚೆ ಇರ್ಲಿ, ನಾಳೆ ಅದೇ ಮುಖ ತಾನೇ ಆ ಮನೆಯಲ್ಲಿ ಬಾಳಬೇಕು’ ಎನ್ನುವರು.

ಇಂದಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಆಗ ಒಂದು ಮದುವೆಗೆ ಒಂದು ರೋಲು, ಹೆಚ್ಚೆಂದರೆ ಎರಡು. ಒಂದು ರೋಲಿಗೆ 36 ಚಿತ್ರ. ಚಪ್ಪರ, ಬಾಸಿಂಗ, ಅಂತರಪಟ, ಧಾರೆ, ಮಾಂಗಲ್ಯ, ಮಡಿಲಕ್ಕಿ, ಬೀಗರೂಟ ಎಲ್ಲವೂ ಅದರಲ್ಲೇ ಅಡಕವಾಗಬೇಕು. ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬುದನ್ನು ಮನೆಯ ಯಜಮಾನರು ನಿರ್ಧರಿಸುತ್ತಿದ್ದರು. ದೂರದ ನೆಂಟರು ‘ನಮ್ದೂ ಒಂದು ಹೊಡೀರಿ’ ಎಂದು ಬಂದು ನಿಂತರೆ, ಅವರ ಮನಸ್ಸು ನೋಯದಿರಲೆಂದು ಬರಿಯ ಫ್ಲ್ಯಾಷ್ ಬೆಳಗಿಸಿ ಕಳಿಸುವ ರೂಢಿಯೂ ಕಸುಬಿನವರಲ್ಲಿತ್ತು. ಫಿಲ್ಮನ್ನು ಜಾಗ್ರತೆಯಿಂದ ತುಂಬಿದರೆ ಕೊನೆಯಲ್ಲಿ ಮೂವತ್ತೇಳನೆಯ ಚಿತ್ರವೊಂದು ಸಿಗುತ್ತದೆ. ಗುರುಗಳು ಅದನ್ನು ‘ಲೆಕ್ಕಕ್ಕಿಲ್ಲದ್ದು’ ಎನ್ನುತ್ತಿದ್ದರು. ಯಜಮಾನರು ದುಡ್ಡು ಕೊಟ್ಟದ್ದು ಮೂವತ್ತಾರಕ್ಕೆ. ಇನ್ನೊಂದು ನಿನ್ನದು, ನಿನಗೆ ಕಂಡದ್ದನ್ನು ತೆಗೆದುಕೋ ಎಂದು ನನಗೆ ಹೇಳಿಕೊಟ್ಟರು.

1988ರಲ್ಲಿ ನನ್ನ ಬಾಲ್ಯದ ಗೆಳೆಯನ ಮದುವೆ ಕೆಂಕೆರೆಯಲ್ಲೇ ನಡೆಯಿತು. ತೆಂಗಿನ ಗರಿಯ ಚಪ್ಪರ. ಗರಿಗಳ ಸಂದಿನಿಂದ ಇಳಿಯುವ ಬಿಸಿಲು ಮುಖಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ನೋಡುವ ಕಣ್ಣಿಗೆ ಚೆಂದ, ಕ್ಯಾಮೆರಾಕ್ಕೆ ಸಂಕಟ. ನನ್ನ ಕೈಯಲ್ಲಿದ್ದುದು ಗುರುಗಳು ಎರವಲು ಕೊಟ್ಟ ಪೆಂಟ್ಯಾಕ್ಸ್ ಕೆ-1000. ಗೆಳೆಯನಿಗೆ ತಂದೆಯಿರಲಿಲ್ಲ. ಅವನ ತಾಯಿ, ನಾನು ಅವ್ವ ಎಂದೇ ಕರೆಯುತ್ತಿದ್ದವರು, ತೋಟದಲ್ಲಿ ಕೂಲಿಯವರ ಜೊತೆ ತಾವೂ ಕಾಯಿ ಹೊತ್ತು ಅವನನ್ನು ಎಂಜಿನಿಯರಿಂಗ್ ಓದಿಸಿದ್ದರು. ಆ ಮದುವೆಯ ಪ್ರತಿಯೊಂದು ಅಕ್ಕಿಕಾಳನ್ನೂ ಅವರೇ ಹೊಂದಿಸಿದ್ದರು. ಆದರೆ ಧಾರೆಯ ಹೊತ್ತಿಗೆ ಅವರು ಚಪ್ಪರದಲ್ಲಿ ಇರಲಿಲ್ಲ. ವಿಧವೆ ಎದುರಿಗೆ ನಿಲ್ಲಬಾರದೆಂಬ ಮಾತು. ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ, ಯಾರೂ ಹೇಳಬೇಕಾಗಿಯೂ ಇರಲಿಲ್ಲ. ಧಾರೆಯೆರೆಯುವಾಗ ದೊಡ್ಡಪ್ಪ ದೊಡ್ಡಮ್ಮ ಮುಂದೆ ನಿಂತರು.

ಮೂವತ್ತಾರು ಮುಗಿದಿದ್ದವು. ತಿರುಗಿ ನೋಡಿದರೆ ನಡುಮನೆಯ ಬಾಗಿಲ ಹಿಂದೆ, ಅರ್ಧ ಕತ್ತಲಲ್ಲಿ, ಅವ್ವ ಒಂದು ಕೈಯನ್ನು ಬಾಗಿಲವಾಡದ ಮೇಲಿಟ್ಟು ನಿಂತಿದ್ದರು. ನಾನು ಕ್ಯಾಮೆರಾ ಎತ್ತಿದೆ. ಅವರು ಸೆರಗನ್ನು ಮುಖಕ್ಕೆ ಎಳೆದುಕೊಳ್ಳಲಿಲ್ಲ, ಒಳಕ್ಕೆ ಸರಿಯಲೂ ಇಲ್ಲ. ನೆಟ್ಟಗೆ ನೋಡಿದರು. ಆ ಒಂದು ಚಿತ್ರವನ್ನು ಆಲ್ಬಮ್‌ಗೆ ಅಂಟಿಸದೆ ಅವರ ಕೈಗೇ ಕೊಟ್ಟೆ. ಅವರು ಅದನ್ನು ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡರು. ಒಂದು ಪ್ರತಿ ನನ್ನಲ್ಲೂ ಉಳಿಯಿತು.

ಇದು ಒಂದು ಜಾತಿಯ, ಒಂದು ಮತದ ಸಂಗತಿಯೆಂದು ನೀವು ತಿಳಿಯಬಾರದು. ನಮ್ಮ ಭಾಗದಲ್ಲಿ ಕ್ರೈಸ್ತ ಕುಟುಂಬಗಳು ಹೆಚ್ಚಿಲ್ಲವಾದರೂ ತುಮಕೂರು, ಅರಸೀಕೆರೆಗಳ ಕಡೆಯ ಚರ್ಚ್ ಮದುವೆಗಳಿಗೂ ನನ್ನನ್ನು ಕರೆದದ್ದುಂಟು. ಅವು ನನಗೆ ಪ್ರಿಯವಾದ ಮದುವೆಗಳು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಪ್ರಕಾರ ಮದುವೆ ಸಾಮಾನ್ಯವಾಗಿ ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ನಡೆಯಬೇಕು. ಕೆಲವು ವಿನಾಯಿತಿಗಳಿವೆ, ಅದಿರಲಿ. ಹಗಲ ಬೆಳಕು ಕಿಟಕಿಯಿಂದ ಬರುತ್ತದೆ, ಜನ ಕುಳಿತಿರುತ್ತಾರೆ, ಯಾವುದರ ನಂತರ ಯಾವುದು ಎಂಬುದು ಮೊದಲೇ ಗೊತ್ತಿರುತ್ತದೆ. ಪ್ರಾರ್ಥನೆಯ ವೇಳೆ ಫ್ಲ್ಯಾಷ್ ಬೇಡವೆಂದು ಗುರುಗಳು ಹೇಳಿದರೆ ಕೆಲವು ಛಾಯಾಗ್ರಾಹಕರು ಮುಖ ಸಿಂಡರಿಸುತ್ತಾರೆ. ನನಗೆ ಅದು ಉಪಕಾರವೆನಿಸುತ್ತದೆ. ಪ್ರಮಾಣವಚನ ಹೇಳುವ ವಧುವಿನ ಮುಖದ ಮುಂದೆ ಕ್ಯಾಮೆರಾ ಹಿಡಿದು ನಿಂತರೆ ಅವಳು ಯಾರಿಗೆ ಮಾತು ಕೊಟ್ಟಂತಾಯಿತು? ಆದರೂ ಅಲ್ಲಿಯೂ, ರಿಜಿಸ್ಟರಿಗೆ ಸಹಿ ಹಾಕಿ ಎಲ್ಲರೂ ಗುಂಪು ಚಿತ್ರಕ್ಕೆ ನಿಲ್ಲುವಾಗ, ‘ನಾನ್ಯಾಕಪ್ಪ, ನೀವು ನಿಲ್ಲಿ’ ಎಂದು ಹಿಂದೆ ಸರಿಯುವ ಒಬ್ಬ ಅತ್ತೆಯೋ ಚಿಕ್ಕಮ್ಮನೋ ಇದ್ದೇ ಇರುತ್ತಾರೆ. ಕಾನೂನಿನಲ್ಲಿ, ವೇದವಾಕ್ಯದಲ್ಲಿ ಇಲ್ಲದ ಬಾಗಿಲುಗಳು ನಮ್ಮ ಮನಸ್ಸಿನಲ್ಲಿ ಹೇಗೋ ನಿಂತಿರುತ್ತವೆ.

ಗೆಳೆಯ 1994ರಲ್ಲಿ ಕೆಲಸದ ಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಹೋದವನು ಅಲ್ಲೇ ನೆಲೆಸಿದ. ದೊಡ್ಡ ದೊಡ್ಡ ಔಷಧ ಕಂಪನಿಗಳಿರುವ ಊರು ಅದು. 2016ರಲ್ಲಿ ಅವನ ಮಗಳಿಗೆ ಅಲ್ಲಿಯವನೇ ಆದ ಹುಡುಗನೊಡನೆ ಮದುವೆ ನಿಶ್ಚಯವಾಯಿತು. ‘ನನ್ನ ಮದುವೆ ತೆಗೆದವನು ನೀನು, ಮಗಳದ್ದೂ ನೀನೇ ತೆಗೆಯಬೇಕು’ ಎಂದು ಟಿಕೇಟು ಕಳಿಸಿದ. ಅಷ್ಟರಲ್ಲಿ ಅವ್ವನಿಗೆ ಎಂಬತ್ತು ದಾಟಿತ್ತು. ಮಂಡಿನೋವು, ವಿಮಾನದ ಮಾತೇ ಇಲ್ಲ. ಹೊರಡುವ ಹಿಂದಿನ ದಿನ ನೋಡಲು ಹೋದೆ. ಮಂಗಳೂರು ಹೆಂಚಿನ ಹಳೆಯ ಮನೆ, ಅಟ್ಟದ ತುಂಬ ಕಾಯಿ. ಅವ್ವ ಒಂದು ಬಟ್ಟೆಯ ಗಂಟು ಕೊಟ್ಟರು. ಅದರಲ್ಲಿ ಇಡಿಯಾದ ಎರಡು ಕೊಬ್ಬರಿ ಗಿಟುಕು, ಚಿಪ್ಪಿನ ಸಮೇತ. ಒಂದು ಮೊಮ್ಮಗಳ ಮಡಿಲಿಗೆ, ಒಂದು ಬೀಗತಿಗೆ.

‘ಹುಡುಗನ್ನ ಪೋನಿನಾಗೆ ನೋಡಿವ್ನಿ ಕಣಪ್ಪ. ಅವ್ರಮ್ಮನ್ನ ನೋಡಿಲ್ಲ. ಅದ್ರಾಗೆ ಮುಖ ಅಲ್ಲಾಡ್ತಾನೇ ಇರ್ತದೆ. ನೀನು ನಿಂತಿರೋ ಮುಖ ತಗೊಂಡ್ ಬಾ’ ಎಂದರು.

ಬಾಸೆಲ್ ಎಂದರೆ ನಿಮ್ಮಲ್ಲಿ ಅನೇಕರಿಗೆ ನೆನಪಾಗುವುದು ಮಿಷನ್. 1815ರಲ್ಲಿ ಆರಂಭವಾಗಿ 1834ರಲ್ಲಿ ಮಂಗಳೂರಿಗೆ ಬಂದ ಸಂಸ್ಥೆ. 1843ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’, 1894ರಲ್ಲಿ ಕಿಟ್ಟೆಲರ ನಿಘಂಟು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬವರು ಹೆಂಚಿನ ಕಾರ್ಖಾನೆ ಆರಂಭಿಸದಿದ್ದರೆ ಅವ್ವನ ಅಟ್ಟದ ಮೇಲೆ ಬೇರೇನೋ ಮಾಡು ಇರುತ್ತಿತ್ತೇನೋ. ಮದುವೆಗೆ ಮೂರು ದಿನ ಮೊದಲು ಗೆಳೆಯ ನನ್ನನ್ನು ಮಿಷನ್ನಿನ ಹಳೆಯ ಛಾಯಾಚಿತ್ರಗಳನ್ನು ಕಾದಿಟ್ಟ ಪತ್ರಾಗಾರಕ್ಕೆ ಕರೆದುಕೊಂಡು ಹೋದ. ಆಫ್ರಿಕಾ, ಚೀನಾ, ಭಾರತಗಳಿಂದ ಬಂದ 28,000ಕ್ಕೂ ಹೆಚ್ಚು ಚಿತ್ರಗಳು ಅಲ್ಲಿನ ಸಂಗ್ರಹದಲ್ಲಿವೆ. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಕೊಡಗು. ಶಾಲೆಗಳು, ನೇಯ್ಗೆಯವರು, ಹೆಂಚಿನ ಕೆಲಸದವರು, ಅಂಗಳದಲ್ಲಿ ಸಾಲಾಗಿ ನಿಂತ ಕುಟುಂಬಗಳು. ನಮ್ಮವರ ಮುಖಗಳು. ಆ ಕಾಲದ ಕ್ಯಾಮೆರಾದ ಮುಂದೆ ಅಲುಗಾಡದೆ ನಿಲ್ಲಬೇಕಿತ್ತು. ಅದಕ್ಕೇ ಅವರು ಅಷ್ಟು ಗಂಭೀರವಾಗಿ ಕಾಣುತ್ತಾರೆ, ದುಃಖದಿಂದಲ್ಲ.

ಅಲ್ಲಿ ತಿಳಿದ ಒಂದು ಸಂಗತಿ ನನ್ನ ಕಸುಬಿಗೆ ತೀರ ಹತ್ತಿರವಾದದ್ದು. ಆ ಕಾಲದಲ್ಲಿ ಮಿಷನರಿಗಳು ಅವಿವಾಹಿತರಾಗಿಯೇ ಹೊರಡಬೇಕಿತ್ತು. ಎರಡು ವರ್ಷ ಸೇವೆ ಮಾಡಿದ ಮೇಲಷ್ಟೇ ಮದುವೆಗೆ ಅನುಮತಿ ಕೇಳಬಹುದಿತ್ತು. ಬಾಸೆಲಿನ ಸಮಿತಿ ಒಪ್ಪಬೇಕು, ವಧುವನ್ನೂ ಒಪ್ಪಬೇಕು. ಎಷ್ಟೋ ಹೆಣ್ಣುಮಕ್ಕಳು ತಾವು ಸರಿಯಾಗಿ ಕಂಡರಿಯದ ವರನಿಗಾಗಿ ವಾರಗಟ್ಟಲೆ ಹಡಗಿನಲ್ಲಿ ಬಂದಿಳಿದು, ಕೆಲವೇ ದಿನಗಳಲ್ಲಿ ಮದುವೆಯಾದರು. ಛಾಯಾಚಿತ್ರ ಬಳಕೆಗೆ ಬಂದ ಮೇಲೆ ಹೀಗೆ ಗೊತ್ತಾದ ಜೋಡಿಗಳ ನಡುವೆ ಪತ್ರದೊಡನೆ ಚಿತ್ರಗಳೂ ಹೋಗಿ ಬರುತ್ತಿದ್ದವಂತೆ. ನನಗೆ ಸಾಬರ ಸ್ಟುಡಿಯೋ ನೆನಪಾಯಿತು. ಹುಳಿಯಾರಿನ ಪೌಡರು ಹಚ್ಚಿದ ಹುಡುಗಿಗೂ ಜರ್ಮನಿಯ ಯಾವುದೋ ಹಳ್ಳಿಯಲ್ಲಿ ಕತ್ತು ಬಿಗಿದು ಕುಳಿತ ಹುಡುಗಿಗೂ ಎದೆಯ ಬಡಿತ ಒಂದೇ ಅಲ್ಲವೇ? ಕೆಲವರ ಬಾಳು ಹಸನಾಯಿತು. ಕೆಲವರಿಗೆ ಕಾಲವೇ ಸಿಗಲಿಲ್ಲ. ಕಿಟ್ಟೆಲರ ಮೊದಲ ಪತ್ನಿ ಪೌಲಿನ್ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಮುಂದೆ ಆಕೆಯ ತಂಗಿ ಜೂಲಿಯನ್ನು ಅವರು ವಿವಾಹವಾದರು. ನಿಘಂಟಿನ ಆ ದಪ್ಪ ಪುಟಗಳನ್ನು ನಾವು ತಿರುವುತ್ತೇವೆ. ಅದರ ಹಿಂದಿನ ಮನೆಯಲ್ಲಿದ್ದ ಈ ಅಕ್ಕತಂಗಿಯರ ಹೆಸರು ಎಷ್ಟು ಕನ್ನಡಿಗರಿಗೆ ಗೊತ್ತಿದೆ?

ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಬಹಳಷ್ಟು ಚಿತ್ರಗಳ ಕೆಳಗೆ ಯೂರೋಪಿನವರ ಹೆಸರುಗಳಿವೆ. ನಮ್ಮವರು ಇರುವಲ್ಲಿ ‘ಒಂದು ಕ್ರೈಸ್ತ ಕುಟುಂಬ’, ‘ಶಾಲೆಯ ಹುಡುಗಿಯರು’ ಎಂಬಷ್ಟೇ ಬರಹ. ಇದಕ್ಕೆ ಅಂದಿನವರನ್ನು ಮಾತ್ರ ದೂರುವುದು ಸುಲಭ. ನಿಮ್ಮ ಮೊಬೈಲಿನಲ್ಲಿರುವ ಐದು ಸಾವಿರ ಚಿತ್ರಗಳಲ್ಲಿ ಎಷ್ಟಕ್ಕೆ ಹೆಸರು ಬರೆದಿದ್ದೀರಿ, ಹೇಳಿ.

ಮದುವೆಯ ದಿನ ಬಂತು. ಸ್ವಿಟ್ಜರ್ಲೆಂಡಿನಲ್ಲಿ ಮೊದಲು ಸರ್ಕಾರಿ ಕಚೇರಿಯಲ್ಲಿ ವಿವಾಹ ನೋಂದಣಿಯಾಗಬೇಕು. ಅದಕ್ಕೆ ಮುಂಚೆ ಧಾರ್ಮಿಕ ವಿಧಿ ನಡೆಸುವಂತಿಲ್ಲ. ನೋಂದಣಿ ಮುಗಿಸಿ, ಚರ್ಚಿನ ಆರಾಧನೆ ಮುಗಿಸಿ, ಮದುಮಕ್ಕಳು ರೈನ್ ನದಿ ದಾಟಲು ದೋಣಿ ಹತ್ತಿದರು. ಆ ದೋಣಿಗೆ ಎಂಜಿನ್ ಇಲ್ಲ. ನದಿಗೆ ಅಡ್ಡಲಾಗಿ ಕಟ್ಟಿದ ತಂತಿಗೆ ದೋಣಿಯನ್ನು ಬಿಗಿದಿರುತ್ತಾರೆ. ಹರಿಯುವ ನೀರೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಸದ್ದಿಲ್ಲ, ಹೊಗೆಯಿಲ್ಲ. ಅಲ್ಲಿ ನಾನು ತೆಗೆದ ಚಿತ್ರಗಳನ್ನು ಎಲ್ಲರೂ ಮೆಚ್ಚಿದರು. ಮೆಚ್ಚುವುದೇನು, ಅಂಥ ಬೆಳಕಿನಲ್ಲಿ ಯಾರು ತೆಗೆದರೂ ಚೆನ್ನಾಗಿ ಬರುತ್ತಿತ್ತು.

ಆದರೆ ಅವ್ವ ಕೇಳಿದ ಮುಖ ಸಿಕ್ಕಿರಲಿಲ್ಲ. ವರನ ತಂದೆತಾಯಿ ಬಹಳ ಹಿಂದೆಯೇ ಬೇರೆಯಾಗಿದ್ದರು. ತಂದೆ ತನ್ನ ಈಗಿನ ಪತ್ನಿಯೊಡನೆ ಮೊದಲ ಸಾಲಿನಲ್ಲಿ ಕುಳಿತಿದ್ದರು. ತಾಯಿ ಕೊನೆಯಿಂದ ಎರಡನೆಯ ಬೆಂಚಿನಲ್ಲಿ, ಕಂಬದ ಪಕ್ಕ. ವೃದ್ಧಾಶ್ರಮವೊಂದರಲ್ಲಿ ದಾದಿಯಾಗಿದ್ದವರು. ಗುಂಪು ಚಿತ್ರಕ್ಕೆ ಕರೆಯೋಣವೆಂದರೆ ವರ ತಲೆಯಾಡಿಸಿದ. ‘ಅಮ್ಮನಿಗೆ ಇಷ್ಟವಿಲ್ಲ. ಒತ್ತಾಯ ಮಾಡಬೇಡಿ.’ ಗೆಳೆಯನೂ ‘ಬಿಡು ಮಾರಾಯ, ಅವರ ಮನೆಯ ವಿಚಾರ’ ಎಂದ. ನನ್ನ ಬಳಿ ದೂರದಿಂದ ಮುಖ ಹಿಡಿಯುವ ಲೆನ್ಸ್ ಇತ್ತು. ಅವರಿಗೆ ಗೊತ್ತಾಗದಂತೆ ಹತ್ತು ಚಿತ್ರ ತೆಗೆಯಬಹುದಿತ್ತು. ಆದರೆ ಕದ್ದು ತಂದ ಮುಖವನ್ನು ಅವ್ವನ ಕೈಗೆ ಕೊಡುವುದು ಹೇಗೆ? ಬೇಡವೆಂದವರ ಮಾತಿಗೂ ಬೆಲೆಯುಂಟು.

ಊಟದ ನಂತರ ಎಲ್ಲರೂ ನರ್ತನದಲ್ಲಿ ತೊಡಗಿದ್ದಾಗ ಆಕೆ ಕಿಟಕಿಯ ಬಳಿ ಒಬ್ಬರೇ ಕುಳಿತಿದ್ದರು. ನಾನು ಕ್ಯಾಮೆರಾವನ್ನು ಚೀಲದಲ್ಲಿಟ್ಟು, ಗೆಳೆಯನನ್ನು ಕರೆದುಕೊಂಡು ಹೋಗಿ, ಬಟ್ಟೆಯ ಗಂಟನ್ನು ಅವರ ಕೈಯಲ್ಲಿಟ್ಟೆ. ನಿಮ್ಮ ಬೀಗತಿ ಕಳಿಸಿದ್ದು ಎಂದೆ. ‘ಬೀಗತಿ’ ಎಂಬ ಮಾತಿಗೆ ಜರ್ಮನ್ ಭಾಷೆಯಲ್ಲಿ ಸರಿಯಾದ ಪದ ಸಿಗದೆ ಗೆಳೆಯ ತಡವರಿಸಿದ. ಅಜ್ಜಿಯನ್ನು ಬೀಗತಿ ಎನ್ನಬಹುದೇ ಎಂಬ ಶಾಸ್ತ್ರವನ್ನು ಅಲ್ಲಿ ಯಾರೂ ಕೇಳಲಿಲ್ಲ. ಆಕೆ ಗಂಟು ಬಿಚ್ಚಿ ಕಾಯಿಯನ್ನು ತಿರುಗಿಸಿ ನೋಡಿದರು. ಅಲ್ಲಾಡಿಸಿ ತೋರಿಸಿದೆ. ಕಿವಿಗಿಟ್ಟುಕೊಂಡು ಕೇಳಿದರು. ಕಳಿಸಿದವರು ಯಾರೆಂದು ತೋರಿಸಲು 1988ರ ಆ ಚಿತ್ರದ ನನ್ನ ಪ್ರತಿಯನ್ನು ಕೊಟ್ಟೆ.

ಬಹಳ ಹೊತ್ತು ನೋಡಿದರು. ಇದು ಎಲ್ಲಿ, ಈಕೆ ಏಕೆ ಒಳಗೆ ನಿಂತಿದ್ದಾರೆ ಎಂದು ಕೇಳಿದರು. ಗೆಳೆಯನ ಗಂಟಲು ಕಟ್ಟಿತು. ತನ್ನ ಮದುವೆಯ ದಿನ ತಾಯಿ ಎಲ್ಲಿ ನಿಂತಿದ್ದರೆಂಬುದನ್ನು ಆ ಇಪ್ಪತ್ತೆಂಟು ವರ್ಷಗಳಲ್ಲಿ ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅದೂ ಪರದೇಶದ ಭಾಷೆಯಲ್ಲಿ. ಆಕೆ ಕೇಳಿಸಿಕೊಂಡು ಒಂದೇ ಮಾತು ಹೇಳಿದರು. ಗೆಳೆಯ ಅದನ್ನು ನನಗೆ ಕನ್ನಡಿಸಿದ: ‘ಇಲ್ಲಿ ಬಾಗಿಲು ಇರಲಿಲ್ಲ, ಅಷ್ಟೇ.’

ಆಮೇಲೆ ಅವರು ನನ್ನ ಚೀಲದ ಕಡೆ ಬೆರಳು ತೋರಿಸಿದರು.

ಹುಳಿಯಾರಿಗೆ ಬಂದವನೇ ಆ ಚಿತ್ರವನ್ನು ಒಳ್ಳೆಯ ಕಾಗದದ ಮೇಲೆ ಮುದ್ರಿಸಿ ಅವ್ವನ ಬಳಿಗೆ ಒಯ್ದೆ. ಕಿಟಕಿಯ ಬೆಳಕು ಒಂದು ಕೆನ್ನೆಯ ಮೇಲೆ. ಎರಡೂ ಅಂಗೈಗಳ ನಡುವೆ ಗಿಟುಕು. ಅವ್ವ ಚಿತ್ರವನ್ನು ತೋಳುದ್ದ ಹಿಡಿದು ನೋಡಿದರು. ‘ಕಾಯಿನ ಸರಿಯಾಗಿ ಹಿಡ್ಕೊಂಡವ್ಳೆ’ ಎಂಬುದೇ ಮೊದಲ ಮಾತು. ಹೆಸರು ಕೇಳಿದರು. ಹೇಳಿದೆ. ಮೂರು ಸಲ ತಿದ್ದಿಕೊಂಡು ಉಚ್ಚರಿಸಿದರು. ಯಾವ ಕಡೆ ಕೂತಿದ್ದಳು ಎಂದು ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವ್ವ ಮತ್ತೇನೂ ಕೇಳದೆ ಟ್ರಂಕಿನಿಂದ ತಮ್ಮ ಹಳೆಯ ಚಿತ್ರವನ್ನು ತೆಗೆಸಿ, ಎರಡನ್ನೂ ಒಂದೇ ಕಟ್ಟಿನೊಳಗೆ ಹಾಕಿಸಿ ಕೊಡುವಂತೆ ಹೇಳಿದರು. ಅವರು 2018ರಲ್ಲಿ ತೀರಿಕೊಂಡರು. ಆ ಕಟ್ಟು ಈಗಲೂ ನಡುಮನೆಯ ಗೋಡೆಯ ಮೇಲಿದೆ, ಅದೇ ಬಾಗಿಲಿನ ಎದುರಿಗೆ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಹೆಸರನ್ನು ನೀವು ಕೇಳಿರಬಹುದು. ಪದ್ಮಶ್ರೀ ಪಡೆದ, ದೇಶವಿದೇಶಗಳ ಪತ್ರಿಕೆಗಳಿಗೆ ಚಿತ್ರ ಕೊಟ್ಟ ಆ ಹಿರಿಯರು ತಮ್ಮ ಕಣ್ಣನ್ನು ಬಹುಪಾಲು ಸಾಮಾನ್ಯ ಜನರ ಮೇಲೆ, ಮಕ್ಕಳ ಮೇಲೆ ಇಟ್ಟಿದ್ದರು. ನಮ್ಮಂಥ ಮದುವೆ ಛಾಯಾಗ್ರಾಹಕರು ಅವರ ಎತ್ತರದವರಲ್ಲ. ಈಗಂತೂ ಒಂದು ಮದುವೆಗೆ ಮೂರು ಸಾವಿರ ಚಿತ್ರ, ತಲೆಯ ಮೇಲೆ ಗುಂಯ್ಗುಡುವ ಡ್ರೋನ್, ಮದುವೆಗೆ ಮೊದಲೇ ಬೆಟ್ಟದ ಮೇಲೆ ಸಿನಿಮಾ ಹಾಡಿನಂಥ ಓಡಾಟ. ಅದನ್ನು ನಾನೂ ತೆಗೆಯುತ್ತೇನೆ, ಹೊಟ್ಟೆಪಾಡು ನಡೆಯಬೇಕಲ್ಲ. ಆದರೆ ಮೂರು ಸಾವಿರ ಚಿತ್ರಗಳಿದ್ದರೂ ಹಿಂದೆ ನಿಂತವರು ಹಿಂದೆಯೇ ಉಳಿಯುತ್ತಾರೆ. ಕ್ಯಾಮೆರಾದಲ್ಲಿ ಜಾಗವಿಲ್ಲವೆಂದು ಹೇಳುವ ನೆಪವೊಂದು ತಪ್ಪಿದೆ, ಅಷ್ಟೇ. ಈಗೀಗ ನಾನು ಮದುವೆ ಒಪ್ಪಿಕೊಳ್ಳುವಾಗ ಮನೆಯವರನ್ನು ಒಂದು ಪ್ರಶ್ನೆ ಕೇಳುತ್ತೇನೆ: ವೇದಿಕೆಗೆ ಬರದೆ ಇರುವವರು ಯಾರು, ಎಲ್ಲಿ ಕೂತಿರುತ್ತಾರೆ? ಕೆಲವರು ಸಿಡುಕುತ್ತಾರೆ. ಕೆಲವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಹೆಸರು ಹೇಳುತ್ತಾರೆ. ಹೋದ ವರ್ಷ ಒಬ್ಬ ವಧು ಹೀಗೆ ಹೆಸರು ಹೇಳಿದವಳು ಮದುವೆಯ ದಿನ ತಾನೇ ಹೋಗಿ ತಾಯಿಯ ಕೈಹಿಡಿದು ವೇದಿಕೆಗೆ ಕರೆತಂದಳು. ಸೋದರಮಾವಂದಿರಿಬ್ಬರು ಎದ್ದು ಹೊರಗೆ ಹೋದರು. ಊಟದ ಹೊತ್ತಿಗೆ ಒಬ್ಬರು ಹಿಂತಿರುಗಿದರು.

ಕಸುಬಿನವನಾಗಿ ಒಂದೆರಡು ಮಾತು ಹೇಳಿಬಿಡುತ್ತೇನೆ. ಹಳೆಯ ಚಿತ್ರಗಳ ಹಿಂದೆ ಹೆಸರು ಬರೆಯುವಾಗ ಮೆದುವಾದ ಪೆನ್ಸಿಲ್ ಬಳಸಿ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಗೀರು ಮುಂದಿನ ಬದಿಗೆ ಉಬ್ಬಿಕೊಳ್ಳುತ್ತದೆ, ಶಾಯಿ ವರ್ಷಗಳಲ್ಲಿ ಇಂಗಿ ಮುಖಕ್ಕೇ ಬರುತ್ತದೆ. ಬಣ್ಣದ ಚಿತ್ರಗಳ ನುಣುಪು ಕಾಗದದ ಮೇಲೆ ಪೆನ್ಸಿಲ್ ಹಿಡಿಯದಿದ್ದರೆ ಚೀಟಿ ಬರೆದು ಚಿತ್ರದೊಡನೆ ಲಕೋಟೆಯಲ್ಲಿಡಿ. ‘ಅಜ್ಜಿ’ ಎಂದಷ್ಟೇ ಬರೆಯಬೇಡಿ, ಮುಂದೆ ನೋಡುವವರಿಗೆ ಯಾರ ಅಜ್ಜಿಯೆಂದು ತಿಳಿಯುವುದಿಲ್ಲ. ಹೆಸರು, ಊರು, ವರ್ಷ ಬರೆಯಿರಿ.

ಮತ್ತೆ, ಮಂಗಳೂರು, ಧಾರವಾಡ, ಹುಬ್ಬಳ್ಳಿ, ಕೊಡಗಿನ ಕಡೆಯ ಓದುಗರಿಗೊಂದು ಕೋರಿಕೆ. ಬಾಸೆಲಿನ ಆ ಹಳೆಯ ಚಿತ್ರಗಳು ಈಗ ಅಂತರ್ಜಾಲದಲ್ಲಿಯೂ ನೋಡಲು ಸಿಗುತ್ತವೆ. ನಿಮ್ಮ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಂಜೆ ನೋಡಿ. ಸಾಲಿನಲ್ಲಿ ಎರಡನೆಯವಳೋ ಮೂರನೆಯವಳೋ ಯಾರೆಂದು ಅವರು ಹೇಳಿದರೆ, ಕೂಡಲೇ ಬರೆದಿಟ್ಟುಕೊಳ್ಳಿ.